ಸ್ಯಾಂಕ್ಷನ್: ಅಪ್ಪಣೆಯೋ ದಂಡನೆಯೋ, ಪತ್ತೆ ಹಚ್ಚುವ ಬಗೆ

ಪತ್ರಿಕೆಯ ಡೆಸ್ಕಿನಲ್ಲಿ ಕೂತು ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವ ಕೆಲಸವನ್ನು ಇಪ್ಪತ್ತೆಂಟು ವರ್ಷ ಮಾಡಿದೆ. ಅಷ್ಟು ವರ್ಷಗಳಲ್ಲಿ ನನ್ನ ಮಾನ ಹೆಚ್ಚು ಕಳೆದ ಪದ ಯಾವುದೆಂದು ಕೇಳಿದರೆ ಯೋಚಿಸಬೇಕಾಗಿಯೇ ಇಲ್ಲ: ಸ್ಯಾಂಕ್ಷನ್. ಕಷ್ಟದ ಪದವೇನಲ್ಲ. ‘ಲೋನ್ ಸ್ಯಾಂಕ್ಷನ್ ಆಯ್ತಾ’ ಎಂದು ಇಂಗ್ಲಿಷ್ ಬಾರದವರೂ ಕೇಳುತ್ತಾರೆ. ಅಪಾಯ ಇರುವುದೇ ಅಲ್ಲಿ. ಗೊತ್ತಿಲ್ಲದ ಪದ ಎದುರಾದರೆ ನಿಘಂಟು ತೆಗೆಯುತ್ತೇವೆ. ಗೊತ್ತಿದೆ ಅಂದುಕೊಂಡ ಪದಕ್ಕೆ ಯಾರು ತೆಗೆಯುತ್ತಾರೆ?

ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ರಾತ್ರಿ ಪಾಳಿ, ಹನ್ನೊಂದೂವರೆ ಗಂಟೆ, ವಿದೇಶದ ಪುಟದಲ್ಲಿ ಒಂದು ಮೂಲೆ ಇನ್ನೂ ಖಾಲಿ. ಟೆಲಿಪ್ರಿಂಟರಿನಲ್ಲಿ ಬಂದ ನಾಲ್ಕು ಸಾಲಿನ ಸುದ್ದಿಯ ಪ್ರಕಾರ ಒಂದು ದೇಶದ ಹಣಕಾಸು ಸಚಿವಾಲಯ ಮೂರು ಹಡಗು ಕಂಪನಿಗಳನ್ನು ‘ಸ್ಯಾಂಕ್ಷನ್’ ಮಾಡಿತ್ತು. ನಾನು ತಲೆಬರಹ ಕೊಟ್ಟೆ: ‘ಮೂರು ಹಡಗು ಕಂಪನಿಗಳಿಗೆ ಸಚಿವಾಲಯದ ಮಂಜೂರಾತಿ’. ಅಚ್ಚಾಗಿ ಹೋಯಿತು. ನಿಜದಲ್ಲಿ ಆ ಸಚಿವಾಲಯ ಕಂಪನಿಗಳ ಖಾತೆಗಳನ್ನು ಸ್ಥಗಿತಗೊಳಿಸಿ, ಅವುಗಳ ಜೊತೆ ಯಾರೂ ವ್ಯವಹಾರ ಮಾಡಕೂಡದೆಂದು ಆಜ್ಞೆ ಹೊರಡಿಸಿತ್ತು. ಮರುದಿನ ಮುಖ್ಯ ಉಪಸಂಪಾದಕರು ಬೈಯಲಿಲ್ಲ. ಪುಟವನ್ನು ನನ್ನ ಮೇಜಿನ ಮೇಲಿಟ್ಟು, “ಏನಮ್ಮ, ನೇಣು ಹಾಕಬೇಕಾದ ಕೊರಳಿಗೆ ಹಾರ ಹಾಕಿಬಿಟ್ಟೆಯಲ್ಲ” ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಆವತ್ತಿನಿಂದ ಒಂದು ಹಳೇ ಲೆಡ್ಜರ್ ಇಟ್ಟುಕೊಂಡೆ. ಈ ಪದ ಬಂದ ಸುದ್ದಿಯನ್ನೆಲ್ಲ ಕತ್ತರಿಸಿ ಅಂಟಿಸುವುದು: ಒಪ್ಪಿಗೆ ಎಂಬ ಅರ್ಥದವು ಎಡಪುಟಕ್ಕೆ, ಶಿಕ್ಷೆ ಎಂಬ ಅರ್ಥದವು ಬಲಪುಟಕ್ಕೆ. ಈಗ ಹೇಳಹೊರಟಿರುವುದು ನಿಘಂಟಿನಿಂದ ಬಂದದ್ದಕ್ಕಿಂತ ಆ ಲೆಡ್ಜರಿನಿಂದ ಬಂದದ್ದು ಹೆಚ್ಚು.

ಏಟು ಯಾರ ಮೇಲೆ ಬಿದ್ದಿದೆ ನೋಡಿ

ಒಂದೆರಡು ವರ್ಷ ಅಂಟಿಸಿದ ಮೇಲೆ ಒಂದು ಸಂಜೆ ಲೆಡ್ಜರನ್ನು ಸುಮ್ಮನೆ ತಿರುವಿಹಾಕುತ್ತಿದ್ದಾಗ ಕಣ್ಣಿಗೆ ಬಿತ್ತು. ಎಡಪುಟದಲ್ಲಿ ಇದ್ದವೆಲ್ಲ ಕೆಲಸಗಳು: ಯೋಜನೆ, ಖರ್ಚು, ಪಂದ್ಯ, ವಿಲೀನ, ಸಂಶೋಧನೆ. ಬಲಪುಟದಲ್ಲಿ ಇದ್ದವರೆಲ್ಲ ಹೆಸರುಳ್ಳವರು: ವಕೀಲ, ಬ್ಯಾಂಕು, ಸೇನಾಧಿಕಾರಿ, ಆಟಗಾರ, ದೇಶ. ‘ಸಮಿತಿ ಯೋಜನೆಯನ್ನು ಸ್ಯಾಂಕ್ಷನ್ ಮಾಡಿತು’ ಅಂದರೆ ಒಪ್ಪಿತು. ‘ಸಮಿತಿ ಆಟಗಾರನನ್ನು ಸ್ಯಾಂಕ್ಷನ್ ಮಾಡಿತು’ ಅಂದರೆ ಅವನಿಗೆ ಶಿಕ್ಷೆ ಕೊಟ್ಟಿತು.

ಇದರ ಹಿಂದೆ ಸರಳವಾದ ತರ್ಕವಿದೆ. ಅನುಮತಿ ಸಿಗುವುದು ಕೆಲಸಕ್ಕೆ. ಶಿಕ್ಷೆ ಬೀಳುವುದು ಮಾಡಿದವನಿಗೆ. ಯೋಜನೆಯನ್ನು ಜೈಲಿಗೆ ಹಾಕಲು ಬರುವುದಿಲ್ಲ. ಹಾಗಾಗಿ ಇಂಗ್ಲಿಷ್ ವಾಕ್ಯದಲ್ಲಿ ಈ ಕ್ರಿಯಾಪದ ಕಂಡ ಕೂಡಲೇ ಪದವನ್ನು ಬಿಟ್ಟು, ಅದರ ಬೆನ್ನಿಗೇ ಬರುವ ಪದಕ್ಕೆ ಹೋಗಿ. ಅದು ಕೆಲಸವೋ, ಹೆಸರೋ? ಹತ್ತರಲ್ಲಿ ಒಂಬತ್ತು ಸಲ ಅಲ್ಲೇ ತೀರ್ಮಾನವಾಗುತ್ತದೆ. ನನ್ನ ಹಡಗು ಕಂಪನಿಗಳೂ ಹೆಸರುಳ್ಳವೇ ಆಗಿದ್ದವು.

ಹಡಗನ್ನೇ ಸ್ಯಾಂಕ್ಷನ್ ಮಾಡಿದರು ಎಂದೂ ಸುದ್ದಿ ಬರುತ್ತದೆ. ಹಡಗು ವಸ್ತುವಲ್ಲವೇ ಎಂದು ಗೊಂದಲವಾಗಬೇಡಿ. ಹಡಗಿಗೆ ಹೆಸರಿದೆ, ಜೀವಮಾನಪೂರ್ತಿ ಬದಲಾಗದ ಏಳು ಅಂಕಿಯ ಅಂತಾರಾಷ್ಟ್ರೀಯ ಗುರುತಿನ ಸಂಖ್ಯೆಯಿದೆ. ಅಮೆರಿಕದ ಖಜಾನೆ ಇಲಾಖೆಯ ನಿರ್ಬಂಧ ಪಟ್ಟಿಯಲ್ಲಿ ಮನುಷ್ಯರು, ಕಂಪನಿಗಳ ಜೊತೆಗೆ ಹಡಗುಗಳೂ ಹೆಸರು ಸಮೇತ ಸೇರುತ್ತವೆ. ಈ ಪದದ ಮಟ್ಟಿಗೆ ಹಡಗು ಒಬ್ಬ ವ್ಯಕ್ತಿ.

ಎರಡು ನ್ಯಾಯಾಲಯಗಳನ್ನು ಪಕ್ಕಪಕ್ಕ ಇಟ್ಟರೆ ಸೂತ್ರ ಚೆನ್ನಾಗಿ ಮನದಟ್ಟಾಗುತ್ತದೆ. ಬ್ರಿಟನ್ನಿನ 2006ರ ಕಂಪನಿ ಕಾಯ್ದೆಯ 899ನೇ ಸೆಕ್ಷನ್ ಪ್ರಕಾರ, ಕಂಪನಿ ಮತ್ತು ಅದಕ್ಕೆ ಸಾಲ ಕೊಟ್ಟವರ ನಡುವಿನ ರಾಜಿಯನ್ನು ಕೋರ್ಟು ಸ್ಯಾಂಕ್ಷನ್ ಮಾಡಬಹುದು, ಎಂದರೆ ಮೊಹರು ಒತ್ತಬಹುದು. ಅಮೆರಿಕದ ಫೆಡರಲ್ ಸಿವಿಲ್ ನಿಯಮಗಳಲ್ಲಿ ರೂಲ್ 11 ಅಂತ ಒಂದಿದೆ. ಅದರಡಿ, ಬುಡವಿಲ್ಲದ ಅರ್ಜಿ ಹಾಕಿ ಕೋರ್ಟಿನ ಹೊತ್ತು ಕಳೆದ ವಕೀಲನನ್ನು ನ್ಯಾಯಾಧೀಶರು ಸ್ಯಾಂಕ್ಷನ್ ಮಾಡಬಹುದು, ಎಂದರೆ ಶಿಕ್ಷೆ ಕೊಡಬಹುದು. ಪದ ಒಂದೇ, ಎರಡೂ ಕಡೆ ಕಪ್ಪು ಗೌನೇ. ಒಂದು ಕಡೆ ರಾಜಿ ಬದುಕಿತು, ಇನ್ನೊಂದು ಕಡೆ ವಕೀಲ ಸತ್ತ.

ವಿಶೇಷಣವಾಗಿ ಬಂದಾಗಲೂ ಇದೇ ಲೆಕ್ಕ. ‘ಸ್ಯಾಂಕ್ಷನ್ಡ್ ಮ್ಯಾಚ್’ ಅಂದರೆ ಮಾನ್ಯತೆ ಪಡೆದ ಪಂದ್ಯ, ‘ಸ್ಯಾಂಕ್ಷನ್ಡ್ ಬ್ಯಾಂಕ್’ ಅಂದರೆ ನಿರ್ಬಂಧಕ್ಕೆ ಒಳಗಾದ ಬ್ಯಾಂಕು. ನನ್ನನ್ನು ಅತಿ ಹೆಚ್ಚು ಕಾಡಿದ್ದು ಬಾಕ್ಸಿಂಗ್ ವರದಿಗಳು. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳನ್ನು ಇಂಗ್ಲಿಷಿನಲ್ಲಿ ‘ಸ್ಯಾಂಕ್ಷನಿಂಗ್ ಬಾಡಿ’ ಎನ್ನುತ್ತಾರೆ. ಶಿಕ್ಷೆ ಕೊಡುವ ಸಂಸ್ಥೆಗಳು ಎಂದುಕೊಂಡರೆ ಕೆಟ್ಟಿರಿ. ಅವು ಪಂದ್ಯಕ್ಕೆ ಪ್ರಶಸ್ತಿ ಪಂದ್ಯವೆಂಬ ಮಾನ್ಯತೆ ಕೊಡುವ ಸಂಸ್ಥೆಗಳು. ಆ ಮಾನ್ಯತೆಗೆ ಬಾಕ್ಸರುಗಳಿಂದ ಶುಲ್ಕವನ್ನೂ ವಸೂಲಿ ಮಾಡುತ್ತವೆ. ಅದೇ ವರದಿಯ ಕೊನೆಯ ಪ್ಯಾರಾದಲ್ಲಿ ಉದ್ದೀಪನ ಮದ್ದು ಸೇವಿಸಿದವನು ‘ಸ್ಯಾಂಕ್ಷನ್ಡ್ ಬಾಕ್ಸರ್’ ಆಗಿರುತ್ತಾನೆ. ಒಂದೇ ಪುಟ, ಎರಡು ಧ್ರುವ.

ಹಿಂದೆ ‘ಅನ್’ ಸೇರಿ ‘ಅನ್‌ಸ್ಯಾಂಕ್ಷನ್ಡ್’ ಆದರೆ ತಲೆನೋವಿಲ್ಲ, ಅಪ್ಪಣೆಯಿಲ್ಲದ್ದು ಎಂದೇ ತಿಳಿಯಿರಿ. ‘ಸ್ಟೇಟ್ ಸ್ಯಾಂಕ್ಷನ್ಡ್’ ಎಂದು ಕೊಟ್ಟವರ ಹೆಸರು ಮುಂದೆ ಅಂಟಿಕೊಂಡಿದ್ದರೆ ಅದೂ ಒಪ್ಪಿಗೆಯೇ. ಪ್ರಭುತ್ವದ ಸಮ್ಮತಿ ಇರುವ ಹಿಂಸೆ, ಪ್ರಭುತ್ವದ ಸಮ್ಮತಿ ಇರುವ ಜೂಜು, ಹೀಗೆ.

ಜೊತೆಗಾರರನ್ನು ನೋಡಿ

ನಾಮಪದವಾಗಿ ಬಂದಾಗ ಕರ್ಮ ಸಿಗುವುದಿಲ್ಲ. ಆಗ ಸುತ್ತಲಿನ ಪದಗಳನ್ನು ವಿಚಾರಿಸಬೇಕು.

ಬಹುವಚನದ ಬಾಲ, ಅಂದರೆ ಕೊನೆಯ ‘ಸ್’ ಇದ್ದರೆ ಹೆಚ್ಚುಪಾಲು ದಂಡನೆ. ‘ಸ್ಯಾಂಕ್ಷನ್ಸ್’ ಎಂದು ಸುದ್ದಿಯಲ್ಲಿ ಕಂಡರೆ ಕಣ್ಣು ಮುಚ್ಚಿ ನಿರ್ಬಂಧ ಎಂದು ಬರೆಯಬಹುದು. ಬರೆದ ಮೇಲೆ ಮಾತ್ರ ಕಣ್ಣು ತೆರೆದು ಒಮ್ಮೆ ಓದಿ. ಏಕವಚನ ಬಂದರೆ ಒಪ್ಪಿಗೆಯ ಕಡೆ ವಾಲುತ್ತದೆ, ಆದರೆ ಅಷ್ಟು ಗಟ್ಟಿಯಾಗಿ ಅಲ್ಲ. ‘ದಿ ಅಲ್ಟಿಮೇಟ್ ಸ್ಯಾಂಕ್ಷನ್’ ಎಂಬುದು ಏಕವಚನವೇ, ಅದರ ಅರ್ಥ ಕಟ್ಟಕಡೆಯ ಶಿಕ್ಷೆ. ಸಂದರ್ಭ ನೋಡಿಕೊಂಡು ಮರಣದಂಡನೆಯೂ ಆಗಬಹುದು, ಕೆಲಸದಿಂದ ವಜಾ ಮಾಡುವುದೂ ಆಗಬಹುದು.

ಕ್ರಿಯಾಪದಗಳು ಇನ್ನೂ ನಂಬಿಗಸ್ತರು. ಇಂಪೋಸ್, ಲಿಫ್ಟ್, ಈಸ್, ಟೈಟನ್, ಇವೇಡ್: ಹೇರುವುದು, ತೆಗೆಯುವುದು, ಸಡಿಲಿಸುವುದು, ಬಿಗಿ ಮಾಡುವುದು, ತಪ್ಪಿಸಿಕೊಳ್ಳುವುದು. ಇವೆಲ್ಲ ಭಾರದ ಮಾತು, ಹಗ್ಗದ ಮಾತು. ಗಿವ್, ಗ್ರಾಂಟ್, ಒಬ್ಟೇನ್: ಕೊಡುವುದು, ಪಡೆಯುವುದು. ಇವು ಕೈಯಿಂದ ಕೈಗೆ ದಾಟುವ ಕಾಗದದ ಮಾತು. ತನಗೇ ಶಿಕ್ಷೆ ಬೇಕೆಂದು ಯಾರೂ ಅರ್ಜಿ ಹಾಕಿ ಪಡೆಯುವುದಿಲ್ಲ.

‘ಆನ್’ ಮತ್ತು ‘ಅಗೇನ್ಸ್ಟ್’ ಬಂದರೆ ಶಿಕ್ಷೆ. ‘ವಿತ್ ದಿ ಸ್ಯಾಂಕ್ಷನ್ ಆಫ್’ ಎಂದಿದ್ದರೆ ಅವರ ಸಮ್ಮತಿಯಿಂದ. ‘ಫಾರ್’ ಬಂದರೆ ಮಾತ್ರ ಹುಷಾರು, ಅದು ಎರಡೂ ಮನೆಗೆ ಹೋಗಿಬರುವ ನೆಂಟ. ಯೋಜನೆಗೆ ಒಪ್ಪಿಗೆ ಎನ್ನಲೂ ‘ಫಾರ್’, ತಡ ಮಾಡಿದ್ದಕ್ಕೆ ದಂಡ ಎನ್ನಲೂ ‘ಫಾರ್’. ಅಲ್ಲಿ ಮತ್ತೆ ಏಕವಚನ, ಬಹುವಚನಕ್ಕೆ ಹಿಂತಿರುಗಿ.

ಒಂದೇ ಪದಕ್ಕೆ ಎರಡು ಮುಖ ಬಂದದ್ದು ಹೇಗೆ

ಇಷ್ಟು ತಿಳಿದರೆ ಕೆಲಸ ನಡೆಯುತ್ತದೆ. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಒಂದೇ ಪದ ಕೈ ಹಿಡಿದು ಒಳಗೆ ಕರೆಯುವುದೂ ಕೊರಳು ಹಿಡಿದು ಹೊರಗೆ ತಳ್ಳುವುದೂ ಹೇಗೆ? ಬಹಳ ದಿನ ಇವು ಬೇರೆಬೇರೆ ಮೂಲದ ಎರಡು ಪದಗಳು, ಕಾಗುಣಿತ ಮಾತ್ರ ಒಂದಾಗಿಬಿಟ್ಟಿದೆ ಎಂದುಕೊಂಡಿದ್ದೆ. ಇಂಗ್ಲಿಷಿನಲ್ಲಿ ‘ಕ್ಲೀವ್’ ಎಂಬ ಪದ ಹಾಗೆಯೇ: ಸೀಳು ಎಂಬ ಅರ್ಥದ್ದು ಒಂದು, ಅಂಟಿಕೋ ಎಂಬ ಅರ್ಥದ್ದು ಇನ್ನೊಂದು, ಹುಟ್ಟಿನಲ್ಲಿ ಎರಡಕ್ಕೂ ಸಂಬಂಧವಿಲ್ಲ. ಸ್ಯಾಂಕ್ಷನ್ ಹಾಗಲ್ಲ. ಇದು ಒಂದೇ ಬೇರಿನದು, ಆ ಬೇರಿನಲ್ಲೇ ಎರಡೂ ಇದ್ದವು.

ಬೇರು ಲ್ಯಾಟಿನ್ನಿನ ‘ಸಾಂಕೀರೆ’ ಎಂಬ ಕ್ರಿಯಾಪದ. ಪವಿತ್ರಗೊಳಿಸು, ಮುರಿಯಲಾಗದಂತೆ ವಿಧಿಸು, ದೃಢಪಡಿಸು ಎಂದೆಲ್ಲ ಅದರ ಅರ್ಥ. ಅದರಿಂದ ‘ಸಾಂಕ್ಟುಸ್’, ಅಲ್ಲಿಂದ ಇಂಗ್ಲಿಷಿನ ಸೇಂಟ್, ಸ್ಯಾಂಕ್ಟಿಟಿ, ಸ್ಯಾಂಕ್ಚುಯರಿ ಎಲ್ಲ ಬಂದವು. ಪಕ್ಷಿಧಾಮವೂ ಹಡಗು ಕಂಪನಿಯ ದಂಡನೆಯೂ ದಾಯಾದಿಗಳು.

ಇದಕ್ಕೆ ನೆಂಟನಾದ ‘ಸಾಕೆರ್’ ಇನ್ನೂ ವಿಚಿತ್ರ. ದೇವರಿಗೆ ಮೀಸಲಾದದ್ದು ಎಂದು ಅದರ ಅರ್ಥ, ಸೇಕ್ರೆಡ್ ಎಂಬ ಪದ ಅದರಿಂದಲೇ. ಆದರೆ ಕ್ರಿ.ಪೂ. 5ನೇ ಶತಮಾನದ ನಡುವಿನ ರೋಮಿನ ಹನ್ನೆರಡು ಫಲಕಗಳ ಕಾನೂನಿನಲ್ಲಿ, ತನ್ನ ಆಶ್ರಿತನಿಗೆ ಮೋಸ ಮಾಡಿದ ಯಜಮಾನ ‘ಸಾಕೆರ್ ಆಗಲಿ’ ಎಂಬ ಮಾತಿದೆ. ಪವಿತ್ರನಾಗಲಿ ಎಂದು ಹರಸಿದ್ದಲ್ಲ. ದೇವರ ಪಾಲಾಗಲಿ, ಮನುಷ್ಯರ ರಕ್ಷಣೆ ಇವನಿಗೆ ಇಲ್ಲ ಎಂದು ಅರ್ಥ. ದೇವರಿಗೆ ಬಿಟ್ಟದ್ದನ್ನು ಮುಟ್ಟಬಾರದು ಎನ್ನುವುದಕ್ಕೂ ದೇವರ ಪಾಲಾದವನ ಕಡೆ ಯಾರೂ ಸುಳಿಯಬಾರದು ಎನ್ನುವುದಕ್ಕೂ ನಡುವೆ ಎಷ್ಟು ಅಂತರ?

ಎರಡು ಅರ್ಥಗಳು ಕೂಡಿರುವ ಜಾಗ ನನಗೆ ಸಿಕ್ಕಿದ್ದು ರೋಮನ್ ಚಕ್ರವರ್ತಿ ಜಸ್ಟಿನಿಯನ್ ಕ್ರಿ.ಶ. 533ರಲ್ಲಿ ಕಾನೂನು ವಿದ್ಯಾರ್ಥಿಗಳಿಗೆಂದು ಹೊರಡಿಸಿದ ಪಠ್ಯದಲ್ಲಿ. ಅಲ್ಲಿ ಊರಿನ ಕೋಟೆಗೋಡೆಗಳನ್ನು ‘ಸಾಂಕ್ಟುಸ್’ ಎಂದು ಏಕೆ ಕರೆಯುತ್ತೇವೆ ಎಂಬ ವಿವರಣೆ ಇದೆ. ಗೋಡೆಗೆ ಅಪಚಾರ ಮಾಡಿದವನಿಗೆ ಮರಣದಂಡನೆ ಇದೆ, ಆದ್ದರಿಂದ ಅದು ಪವಿತ್ರ. ಹಾಗೆಯೇ ಕಾನೂನನ್ನು ಮೀರಿದವನಿಗೆ ಶಿಕ್ಷೆ ಏನೆಂದು ಹೇಳುವ ಭಾಗಗಳಿಗೆ ‘ಸಾಂಕ್ಟಿಯೊ’ ಎಂದು ಹೆಸರು. ಓದಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಪವಿತ್ರವಾದ್ದರಿಂದ ಶಿಕ್ಷೆ ಎಂದಲ್ಲ, ಶಿಕ್ಷೆ ಇರುವುದರಿಂದ ಪವಿತ್ರ ಎಂದು ಆ ವಕೀಲರು ಹೇಳುತ್ತಿದ್ದಾರೆ. ವಕೀಲರಲ್ಲದೆ ಇನ್ಯಾರು ಹೀಗೆ ಯೋಚಿಸುತ್ತಾರೆ!

ಪೊಂಪೋನಿಯುಸ್ ಎಂಬ ಇನ್ನೊಬ್ಬ ರೋಮನ್ ನ್ಯಾಯಪಂಡಿತ ಇದಕ್ಕೆ ಒಂದು ಕಥೆಯನ್ನೇ ಸಾಕ್ಷಿ ಕರೆಯುತ್ತಾನೆ: ಅವಳಿ ಸೋದರ ರೊಮುಲುಸ್ ರೋಮ್ ನಗರಕ್ಕೆಂದು ಕಟ್ಟುತ್ತಿದ್ದ ಗೋಡೆಯನ್ನು ಹಾರಹೊರಟದ್ದಕ್ಕೇ ರೆಮುಸ್ ಸತ್ತನೆಂಬ ಪ್ರತೀತಿ. ಗ್ರೀಕ್ ಲೇಖಕ ಪ್ಲುಟಾರ್ಕ್ ಅದೇ ನಗರ ಹುಟ್ಟಿದ ಕಥೆಯ ಇನ್ನೊಂದು ವಿವರ ಕೊಡುತ್ತಾನೆ. ಎತ್ತು ಹಸುಗಳನ್ನು ಕಟ್ಟಿ ನೇಗಿಲಿನಿಂದ ಊರಿನ ಎಲ್ಲೆ ಗೀರುತ್ತಾ ಹೋದರಂತೆ; ಬಾಗಿಲು ಬರಬೇಕಾದ ಕಡೆ ನೇಗಿಲನ್ನು ಎತ್ತಿ ಹಿಡಿದು ದಾಟಿಸಿದರಂತೆ. ಅದಕ್ಕೇ ಗೋಡೆಯೆಲ್ಲ ಪವಿತ್ರ, ಬಾಗಿಲು ಮಾತ್ರ ಅಲ್ಲ ಎಂದು ಅವನ ವಾದ. ರೋಮನ್ ಕಾನೂನಿನ ಪುಸ್ತಕಗಳು ಇದನ್ನು ಒಪ್ಪುವುದಿಲ್ಲ, ಅವು ಬಾಗಿಲನ್ನೂ ಪವಿತ್ರಗಳ ಪಟ್ಟಿಗೆ ಸೇರಿಸುತ್ತವೆ. ಆ ಜಗಳ ಅವರಿಗಿರಲಿ. ನನಗೆ ಬೇಕಾದದ್ದು ಎತ್ತಿ ಹಿಡಿದ ನೇಗಿಲು. ಎಲ್ಲೆ ಗೀರಿದ ಕೈಯೇ ದಾರಿಯನ್ನೂ ಬಿಟ್ಟಿತು. ಸ್ಯಾಂಕ್ಷನ್ ಎಂಬ ಪದ ಕಂಡಾಗಲೆಲ್ಲ ಆ ನೇಗಿಲು ನೆಲದಲ್ಲಿದೆಯೋ ಮೇಲೆದ್ದಿದೆಯೋ ಎಂದು ಕೇಳಿಕೊಳ್ಳುವುದು ನನಗೆ ಅಭ್ಯಾಸವಾಗಿದೆ.

ರೋಮನ್ನರು ಶಿಕ್ಷೆಯ ಭಾಗವಿಲ್ಲದ ಕಾನೂನಿಗೆ ‘ಅಪೂರ್ಣ ಕಾನೂನು’ ಎಂದೇ ಹೆಸರಿಟ್ಟಿದ್ದರು. ಮೀರಿ ಮಾಡಿದ ಕೆಲಸವನ್ನೇ ರದ್ದು ಮಾಡುವುದು ಪೂರ್ಣ ಕಾನೂನು. ಕೆಲಸವನ್ನು ಉಳಿಸಿ ಮಾಡಿದವನಿಗೆ ದಂಡ ಹಾಕುವುದು ಪೂರ್ಣಕ್ಕಿಂತ ಒಂದು ಕೈ ಕಡಿಮೆ. ಎರಡೂ ಇಲ್ಲದ್ದು ಅಪೂರ್ಣ. ಅಂದರೆ ಕಾನೂನನ್ನು ಕಾನೂನಾಗಿ ಮಾಡುವ ಕೊನೆಯ ಗಂಟು ಈ ಸಾಂಕ್ಟಿಯೊ. ಇಲ್ಲಿಂದ ದಾರಿ ಕವಲಾಗುತ್ತದೆ. ಗಂಟು ಬಿಗಿದಾಗ ಕಾನೂನು ಊರ್ಜಿತವಾಯಿತು ಎಂದು ನೋಡಿದರೆ ಅದು ದೃಢೀಕರಣ, ಒಪ್ಪಿಗೆ, ಅನುಮತಿಯ ಕಡೆ ಸಾಗುತ್ತದೆ. ಗಂಟು ಬಿಚ್ಚಿದವನ ಗತಿಯನ್ನು ನೋಡಿದರೆ ಶಿಕ್ಷೆಯ ಕಡೆ. ಕನ್ನಡದ ‘ಕಟ್ಟಳೆ’, ‘ಕಟ್ಟುಪಾಡು’ ಎರಡರಲ್ಲೂ ಇಂಥ ಒಂದು ‘ಕಟ್ಟು’ ಕೂತಿದೆ ನೋಡಿ.

ಯುರೋಪಿನ ಅರಮನೆಗಳಲ್ಲಿ ಮೊದಲ ಕವಲು ಬೆಳೆಯಿತು. ಚರಿತ್ರೆ ಓದುವವರಿಗೆ ‘ಪ್ರಾಗ್ಮಾಟಿಕ್ ಸ್ಯಾಂಕ್ಷನ್’ ಎಂಬ ಮಾತು ಎದುರಾಗಿರುತ್ತದೆ. ಅಲ್ಲಿ ಅನುಮತಿಯೂ ಇಲ್ಲ, ಶಿಕ್ಷೆಯೂ ಇಲ್ಲ. ರಾಜ ಹೊರಡಿಸಿದ ಘನವಾದ ಶಾಸನ ಎಂದಷ್ಟೇ. ಫ್ರಾನ್ಸಿನ ಏಳನೇ ಚಾರ್ಲ್ಸ್ 1438ರಲ್ಲಿ ಬೂರ್ಜ್‌ನಲ್ಲಿ ಹೊರಡಿಸಿದ್ದು ಒಂದು. ಹೆಚ್ಚು ಹೆಸರಾದದ್ದು ಆಸ್ಟ್ರಿಯದ ಆರನೇ ಚಾರ್ಲ್ಸ್ ಚಕ್ರವರ್ತಿ 1713ರ ಏಪ್ರಿಲ್ 19ರಂದು ಹೊರಡಿಸಿದ್ದು: ಅವನ ಹ್ಯಾಬ್ಸ್‌ಬರ್ಗ್ ರಾಜಮನೆತನದ ಸೀಮೆಗಳು ಒಡೆಯದೆ ಮಗಳಿಗೂ ಸೇರಬಹುದು ಎಂಬ ಕಟ್ಟಳೆ. ಆಗ ಅವನಿಗೆ ಮಗಳೇ ಇರಲಿಲ್ಲ. ಮರಿಯಾ ಥೆರೆಸಾ ಹುಟ್ಟಿದ್ದು 1717ರಲ್ಲಿ. ದೊರೆಗಳ ಹತ್ತಿರವೆಲ್ಲ ಒಪ್ಪಿಗೆ ಬರೆಸಿಕೊಳ್ಳಲು ಜೀವಮಾನವನ್ನೇ ಸವೆಸಿದ. 1740ರಲ್ಲಿ ಅವನು ಕಣ್ಮುಚ್ಚಿದ್ದೇ ತಡ, ಯುದ್ಧ ಶುರುವಾಗಿ ಎಂಟು ವರ್ಷ ನಡೆಯಿತು. ರೋಮನ್ ವಕೀಲರು ಇದ್ದಿದ್ದರೆ ‘ಅಪೂರ್ಣ’ ಎನ್ನುತ್ತಿದ್ದರು.

ಫ್ರೆಂಚ್ ಕ್ರಾಂತಿಯ ಹೊತ್ತಿಗೆ ಇದೇ ಪದ ಶುದ್ಧ ಅನುಮತಿಯಾಗಿತ್ತು. 1791ರ ಸಂವಿಧಾನದಲ್ಲಿ ಶಾಸನಸಭೆ ಮಾಡಿದ ಕಾನೂನಿಗೆ ರಾಜನ ‘ಸ್ಯಾಂಕ್ಷನ್’ ಬೇಕಿತ್ತು, ಹದಿನಾರನೇ ಲೂಯಿ ಅದನ್ನು ಕೊಡದೆ ತಡೆಹಿಡಿಯಬಹುದಿತ್ತು. ಈಗಿನ ಫ್ರೆಂಚಿನಲ್ಲಿ ಶಿಕ್ಷೆಯ ಅರ್ಥವೇ ಮೇಲುಗೈಯಾದರೂ, ವ್ಯಾಸಂಗವನ್ನು ಪದವಿಪತ್ರ ‘ಸ್ಯಾಂಕ್ಷನ್’ ಮಾಡುತ್ತದೆ ಎಂಬ ಹಳೆಯ ಬಳಕೆ ಇನ್ನೂ ಉಳಿದಿದೆ.

ಇಂಗ್ಲಿಷಿನಲ್ಲಿ ಕ್ರಿಯಾಪದ ಹುಟ್ಟಿದ್ದು 18ನೇ ಶತಮಾನದ ಕೊನೆಯ ಭಾಗದಲ್ಲಿ, ದೃಢಪಡಿಸು ಮತ್ತು ಅನುಮತಿಸು ಎಂಬ ಅರ್ಥದಲ್ಲಿ. ಶಿಕ್ಷಿಸು ಎಂಬ ಅರ್ಥ ಅದಕ್ಕೆ ಅಂಟಿಕೊಂಡದ್ದು 20ನೇ ಶತಮಾನದ ನಡುವಿನಲ್ಲಿ. ಹಳೆಯ ಪುಸ್ತಕ ಅನುವಾದ ಮಾಡುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು: 1850ರ ಕಾದಂಬರಿಯಲ್ಲಿ ತಂದೆ ಮಗಳ ಮದುವೆಯನ್ನು ಸ್ಯಾಂಕ್ಷನ್ ಮಾಡಿದರೆ ಅವನು ಒಪ್ಪಿದ್ದಾನೆ, ಇನ್ನೊಂದು ಅರ್ಥಕ್ಕೆ ಆಸ್ಪದವೇ ಇಲ್ಲ.

ದೇಶದ ವ್ಯಾಪಾರ ಕಡಿದು ಮಣಿಸುವ ಉಪಾಯ ಪದಕ್ಕಿಂತ ಎಷ್ಟೋ ಹಳೆಯದು, ಕ್ರಿ.ಪೂ. 432ರ ಸುಮಾರಿಗೆ ಅಥೆನ್ಸ್ ತನ್ನ ಬಂದರು, ಮಾರುಕಟ್ಟೆಗಳನ್ನು ನೆರೆಯ ನಗರರಾಜ್ಯ ಮೆಗಾರಾದವರಿಗೆ ಮುಚ್ಚಿತ್ತು. ಆದರೆ ಸ್ಯಾಂಕ್ಷನ್ಸ್ ಎಂಬ ಬಹುವಚನ ಸುದ್ದಿಮನೆಗಳಲ್ಲಿ ಗಟ್ಟಿಯಾಗಿ ಕೇಳಿಬಂದ ದೊಡ್ಡ ಸಂದರ್ಭ ಇಟಲಿಯದು. 1935ರ ಅಕ್ಟೋಬರಿನಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ಏರಿಹೋಯಿತು, ನವೆಂಬರ್ 18ರಿಂದ, ವಿಶ್ವಸಂಸ್ಥೆಗೆ ಮೊದಲಿದ್ದ ರಾಷ್ಟ್ರಸಂಘದ ನಿರ್ಬಂಧಗಳು ಜಾರಿಯಾದವು. ಯುದ್ಧಯಂತ್ರಕ್ಕೆ ಬೇಕೇಬೇಕಾದ ಎಣ್ಣೆಯನ್ನು ಮಾತ್ರ ಪಟ್ಟಿಗೆ ಸೇರಿಸಲಿಲ್ಲ. 1936ರ ಜುಲೈನಲ್ಲಿ ತೆಗೆದೂ ಬಿಟ್ಟರು. ಇನ್ನೊಂದು ಸ್ವಾರಸ್ಯ: ವಿಶ್ವಸಂಸ್ಥೆ ಹೇರುವ ನಿರ್ಬಂಧಗಳಿಗೆ ಆಧಾರವಾದ, ಅದರ 1945ರ ಸನ್ನದಿನ 41ನೇ ವಿಧಿಯಲ್ಲಿ ಸ್ಯಾಂಕ್ಷನ್ ಎಂಬ ಪದವೇ ಇಲ್ಲ. ಶಸ್ತ್ರಬಲ ಬಳಸದ ‘ಕ್ರಮಗಳು’ ಎಂದಷ್ಟೇ ಇದೆ. 1966ರ ಡಿಸೆಂಬರಿನಲ್ಲಿ ದಕ್ಷಿಣ ರೊಡೇಶಿಯಾದ (ಈಗಿನ ಜಿಂಬಾಬ್ವೆ) ಮೇಲೆ ಮೊದಲ ಬಾರಿಗೆ ಎಲ್ಲ ದೇಶಗಳೂ ಪಾಲಿಸಲೇಬೇಕಾದ ನಿರ್ಬಂಧ ಹೇರಿದಾಗಲೂ ಅದು ಇದೇ ವಿಧಿಯಡಿ. ಹೆಸರು ಸನ್ನದಿನದಲ್ಲ, ಬಳಕೆಯದು.

ಮೂರನೆಯ ಅರ್ಥ

ಲೆಡ್ಜರಿನಲ್ಲಿ ಎಡಕ್ಕೂ ಬಲಕ್ಕೂ ಸೇರದೆ ನಡುವಿನ ಹೊಲಿಗೆಯ ಮೇಲೆ ಅಂಟಿಸಿದ ಕೆಲವು ತುಣುಕುಗಳಿವೆ. ‘ರಿಲಿಜಿಯಸ್ ಸ್ಯಾಂಕ್ಷನ್’, ‘ಮಾರಲ್ ಸ್ಯಾಂಕ್ಷನ್’ ಎಂಬಂಥವು. ಇವು ತತ್ತ್ವಶಾಸ್ತ್ರ, ಸಮಾಜಶಾಸ್ತ್ರದ ಬರಹಗಳಲ್ಲಿ ಹೆಚ್ಚು. ಇಲ್ಲಿ ಪದದ ಅರ್ಥ ನಿಯಮವನ್ನು ಪಾಲಿಸುವಂತೆ ಮಾಡುವ ಬೆನ್ನಿನ ಬಲ. ಇಂಗ್ಲೆಂಡಿನ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಬಲಗಳನ್ನು ನಾಲ್ಕು ಎಂದು ಎಣಿಸಿದ: ಪ್ರಕೃತಿಯದು, ಪ್ರಭುತ್ವದ್ದು, ಜನಾಭಿಪ್ರಾಯದ್ದು, ಧರ್ಮದ್ದು. ಸುಖವೂ ಆಗಬಹುದು, ದುಃಖವೂ ಆಗಬಹುದು, ನಮ್ಮನ್ನು ಕಟ್ಟಿಹಾಕುವುದು ಅದರ ಕೆಲಸ. ಒಂದು ಪದ್ಧತಿಗೆ ರಿಲಿಜಿಯಸ್ ಸ್ಯಾಂಕ್ಷನ್ ಇದೆ ಎಂದರೆ ಧರ್ಮದ ಬೆಂಬಲವಿದೆ ಎಂದು ಬರೆಯಿರಿ. ಅನುಮತಿ ಎಂದರೆ ತೆಳುವಾಯಿತು.

ಕನ್ನಡಕ್ಕೆ ತರುವಾಗ

ಮೊದಲನೆಯದಾಗಿ, ಸ್ಯಾಂಕ್ಷನ್ ಅನ್ನು ಸ್ಯಾಂಕ್ಷನ್ ಎಂದೇ ಬಿಡಬೇಡಿ. ಕನ್ನಡಕ್ಕೆ ಬಂದ ಸ್ಯಾಂಕ್ಷನ್‌ಗೆ ಒಂದೇ ಮುಖ. ಸಾಲ ಸ್ಯಾಂಕ್ಷನ್ ಆಗುತ್ತದೆ, ಹುದ್ದೆ ಸ್ಯಾಂಕ್ಷನ್ ಆಗುತ್ತದೆ, ರಜೆ ಸ್ಯಾಂಕ್ಷನ್ ಆಗುತ್ತದೆ. ‘ಆ ಬ್ಯಾಂಕಿಗೆ ಸ್ಯಾಂಕ್ಷನ್’ ಎಂದು ಬರೆದರೆ ನಮ್ಮ ಓದುಗರು ಆ ಬ್ಯಾಂಕಿಗೆ ಏನೋ ಸಿಕ್ಕಿತು ಎಂದೇ ಓದುತ್ತಾರೆ.

ಒಪ್ಪಿಗೆಯ ಕಡೆ ನಮ್ಮಲ್ಲಿ ಪದಗಳಿಗೆ ಬರವಿಲ್ಲ, ಆದರೆ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಹಣ, ಸಾಲ, ಹುದ್ದೆ ಇದ್ದಲ್ಲಿ ಮಂಜೂರಾತಿ. ಸಭೆ, ಮೆರವಣಿಗೆ, ಪ್ರಯೋಗ ಇದ್ದಲ್ಲಿ ಅನುಮತಿ. ಯೋಜನೆ, ಒಪ್ಪಂದ ಇದ್ದಲ್ಲಿ ಅನುಮೋದನೆ. ಪಂದ್ಯಾವಳಿ, ಸಂಸ್ಥೆ ಇದ್ದಲ್ಲಿ ಮಾನ್ಯತೆ. ಮಸೂದೆಗೆ ರಾಜನೋ ರಾಷ್ಟ್ರಪತಿಯೋ ಕೊಡುವುದಾದರೆ ಅಂಕಿತ. ಪರವಾನಗಿ ಎಂಬುದನ್ನು ಲೈಸೆನ್ಸಿಗೆ ಮೀಸಲಿಡಿ.

ಇಲ್ಲಿ ಒಂದು ಅಡ್ಡಮಾತು. ‘ಮಂಜೂರು’ ಅರಬ್ಬಿಯ ‘ನಜರ್’ ಎಂಬ ಬೇರಿನದು, ನೋಟ ಎಂದು ಅದರ ಅರ್ಥ. ಮಂಜೂರಾದದ್ದು ಎಂದರೆ ನೋಡಲ್ಪಟ್ಟದ್ದು. ‘ವೀಸಾ’ ಎಂಬ ಲ್ಯಾಟಿನ್ ಪದಕ್ಕೂ ನೋಡಲ್ಪಟ್ಟದ್ದು ಎಂದೇ ಅರ್ಥ. ‘ಲೀವ್’ ಎಂಬ ಇಂಗ್ಲಿಷ್ ಪದದ ಹಳೆಯ ಅರ್ಥ ಅನುಮತಿ, ನಮ್ಮ ‘ರಜೆ’ಯ ಮೂಲದಲ್ಲಿರುವ ‘ರಜಾ’ಕ್ಕೂ ಸಮ್ಮತಿ ಎಂಬ ಅರ್ಥ. ಮೇಲಿನವರು ಕಣ್ಣೆತ್ತಿ ನೋಡಿದರೆ, ಹೂಂ ಅಂದರೆ ಕೆಲಸವಾಯಿತು. ಕಚೇರಿ ಎಲ್ಲಿದ್ದರೂ ಕಚೇರಿಯೇ.

ಶಿಕ್ಷೆಯ ಕಡೆ, ದೇಶದ ಮೇಲಾದರೆ ನಿರ್ಬಂಧ. ಪತ್ರಿಕೆಗಳಲ್ಲಿ ‘ಆರ್ಥಿಕ ದಿಗ್ಬಂಧನ’ ಎಂದು ಧಾರಾಳವಾಗಿ ಬರೆಯುತ್ತೇವೆ, ನಾನೂ ಎಷ್ಟೋ ಸಲ ಬರೆದಿದ್ದೇನೆ, ಸದ್ದು ಚೆನ್ನಾಗಿದೆ. ಆದರೆ ದಿಗ್ಬಂಧನ ಎಂದರೆ ದಿಕ್ಕುಗಳನ್ನೆಲ್ಲ ಕಟ್ಟುವುದು. ಬಂದರಿಗೆ ನೌಕಾಪಡೆ ಸುತ್ತುಗಟ್ಟಿದಾಗ ಅದು ಸರಿ. ನಾಲ್ಕು ಜನರ ಬ್ಯಾಂಕ್ ಖಾತೆ ತಡೆಹಿಡಿದದ್ದಕ್ಕೆ ದಿಗ್ಬಂಧನ ಎನ್ನುವುದು ಇಲಿಗೆ ತೋಪು ಹಾರಿಸಿದ ಹಾಗೆ. ಎಂಬಾರ್ಗೊ ಬಂದರೆ ವ್ಯಾಪಾರ ನಿಷೇಧ. ವಕೀಲ, ಆಟಗಾರ, ನೌಕರ ಇದ್ದಲ್ಲಿ ಶಿಸ್ತುಕ್ರಮ ಅಥವಾ ಶಿಕ್ಷೆ. ದಂಡ ಎಂದು ಬರೆದರೆ ಓದುಗರ ಮನಸ್ಸು ನೇರ ದುಡ್ಡಿಗೆ ಹೋಗುತ್ತದೆ. ಹಣ ಕಟ್ಟಿಸಿಕೊಂಡದ್ದು ಖಚಿತವಾದಾಗ ಮಾತ್ರ ಬಳಸಿ.

ಇಂಗ್ಲಿಷಿನ ಈ ಇಬ್ಬಂದಿಯನ್ನು ನೋಡಿ ನಗುವ ಮುನ್ನ ನಮ್ಮ ‘ಅಪ್ಪಣೆ’ಯನ್ನು ನೆನೆಯಿರಿ. ದೊರೆಯ ಅಪ್ಪಣೆಯಾಗಿದೆ ಎಂದರೆ ಮಾಡಲೇಬೇಕು. ಅಪ್ಪಣೆ ಕೊಡಿ ಎಂದರೆ ಮಾಡಬಹುದೇ ಎಂದು ಕೇಳಿದ ಹಾಗೆ. ನಾವು ಒಮ್ಮೆಯೂ ತಡವರಿಸುವುದಿಲ್ಲ. ಆಗಿದೆ ಮತ್ತು ಕೊಡಿ ಎಂಬ ಜೊತೆಗಾರರು ದಾರಿ ತೋರಿಸುತ್ತಾರೆ.

ಇನ್ನು ನೀವೇ ಇಂಗ್ಲಿಷಿನಲ್ಲಿ ಪತ್ರವೋ ವರದಿಯೋ ಬರೆಯುವಾಗ ಈ ಕ್ರಿಯಾಪದವನ್ನು ಮುಟ್ಟಬೇಡಿ. ಅಪ್ರೂವ್ ಇದೆ, ಪೀನಲೈಸ್ ಇದೆ, ಎರಡೂ ಪಾಪದವು, ಹೇಳಿದ್ದನ್ನೇ ಹೇಳುತ್ತವೆ. ಅದರಲ್ಲೂ ಕೆಟ್ಟ ಕೆಲಸದ ಪಕ್ಕ ಸ್ಯಾಂಕ್ಷನ್ ಇಡಲೇಬೇಡಿ. ‘ಮಂಡಳಿ ಅವನ ನಡತೆಯನ್ನು ಸ್ಯಾಂಕ್ಷನ್ ಮಾಡಿತು’ ಎಂಬ ವಾಕ್ಯಕ್ಕೆ ಮಂಡಳಿ ಕಣ್ಣುಮುಚ್ಚಿ ಒಪ್ಪಿತು ಎಂದೂ ಅರ್ಥ, ಶಿಕ್ಷಿಸಿತು ಎಂದೂ ಅರ್ಥ. ನಡತೆ ಎಂಬುದು ಕೆಲಸವೇ, ಆದರೆ ಅಪರಾಧವೂ ಆಗಬಲ್ಲ ಕೆಲಸ. ಮೇಲೆ ಕೊಟ್ಟ ನನ್ನ ಸೂತ್ರ ಮುಗ್ಗರಿಸುವುದು ಇಲ್ಲೇ.

ಹೋದ ತಿಂಗಳು ಹಾಗೇ ಆಯಿತು. ಡೆಸ್ಕಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ರಾತ್ರಿ ಫೋನ್ ಮಾಡಿದಳು. ಯಾವುದೋ ಫುಟ್‌ಬಾಲ್ ಒಕ್ಕೂಟ, ಆಟಗಾರರು ಮೈದಾನದಲ್ಲಿ ಕೂತು ಮಾಡಿದ ಪ್ರತಿಭಟನೆಯನ್ನು ಸ್ಯಾಂಕ್ಷನ್ ಮಾಡಿದೆಯಂತೆ.

“ಮೇಡಂ, ಪ್ರತಿಭಟನೆ ಅಂದ್ರೆ ಕೆಲಸ ಅಲ್ವಾ? ನೀವು ಹೇಳಿದ ಹಾಗೆ ಎಡಪುಟ. ‘ಪ್ರತಿಭಟನೆಗೆ ಒಕ್ಕೂಟದ ಅಸ್ತು’ ಅಂತ ಕೊಟ್ಟುಬಿಡ್ಲಾ? ಪುಟ ಹೋಗ್ಬೇಕು.”

“ಮುಂದಿನ ವಾಕ್ಯ ಓದಮ್ಮ.”

ಓದಿದಳು. ಮೊತ್ತವನ್ನು ಮೂವತ್ತು ದಿನದೊಳಗೆ ಕಟ್ಟತಕ್ಕದ್ದು ಎಂದಿತ್ತು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಕೀಲಿಮಣೆಯಲ್ಲಿ ಅಳಿಸುವ ಸದ್ದು ಮಾತ್ರ.

“ಹಾರ ತೆಗೆದೆ ಮೇಡಂ,” ಅಂದಳು.